ಪದಚರ್ಚೆ: ‘ಬ್ಯಾಡ್‌ಲ್ಯಾಂಡ್ಸ್’ ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ? (ಗುರುವಾರದೊಳಗೆ ಬೇಕಾಗಿದೆ)

ಮಡಿಕೇರಿಯಿಂದ, ಪ್ರಶ್ನೆ

ಮಾನ್ಯರೇ,

ಕೆನಡಾದ ಕ್ಯಾಲ್ಗರಿಯಲ್ಲಿರುವ ನನ್ನ ಅಣ್ಣನ ಮಗಳು, ಮಕ್ಕಳ ಮನೆಗೆಂದು ಕೊಡಗಿನಿಂದ ಅಲ್ಲಿಗೆ ಹೋಗಿರುವ ಹಿರಿಯರನ್ನು ಒಂದು ದಿನದ ಮಟ್ಟಿಗೆ ಡ್ರಮ್‌ಹೆಲ್ಲರ್ ಕಡೆಗೆ ಕರೆದೊಯ್ಯುತ್ತಿದ್ದಾಳೆ. ಬಸ್ಸಿನಲ್ಲಿ ಅವರ ಕೈಗೆ ಕೊಡುವ ನಾಲ್ಕು ಪುಟದ ಕನ್ನಡ ಕೈಪಿಡಿಯನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲು ಹಾರ್ಸ್‌ಶೂ ಕ್ಯಾನಿಯನ್‌ನ ಅಂಚು, ಆಮೇಲೆ ಡೈನೋಸಾರ್ ಮೂಳೆಗಳನ್ನಿಟ್ಟಿರುವ, 1985ರಲ್ಲಿ ತೆರೆದ ರಾಯಲ್ ಟಿರೆಲ್ ವಸ್ತುಸಂಗ್ರಹಾಲಯ, ಊಟದ ನಂತರ ‘ಹೂಡೂ’ ಎಂದು ಕರೆಯುವ ಕಲ್ಲುಕಂಬಗಳು. ಇಡೀ ಕೈಪಿಡಿಯಲ್ಲಿ ‘ಬ್ಯಾಡ್‌ಲ್ಯಾಂಡ್ಸ್’ (ನೀರು ಕೊರೆದು ಒಡೆದ ಬರಡು ಮಣ್ಣುಗುಡ್ಡಗಳ ಸೀಮೆ) ಎಂಬ ಪದ ಹನ್ನೊಂದು ಕಡೆ ಬರುತ್ತದೆ. ಅದಕ್ಕೆ ನನಗೆ ಪದ ಸಿಕ್ಕಿಲ್ಲ.

ನಾನು ಎರಡು ವರ್ಷದ ಹಿಂದೆ ಆ ಜಾಗವನ್ನು ನೋಡಿದ್ದೇನೆ. ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಗೋಧಿ ಹೊಲಗಳ ನಡುವೆ ಸಾಗುತ್ತಿದ್ದ ರಸ್ತೆಯ ಪಕ್ಕದಲ್ಲಿ ನೆಲ ಒಮ್ಮೆಲೇ ಕೆಳಗಿಳಿದು, ಬೂದು, ಕಂದು, ಕಪ್ಪು ಪಟ್ಟೆಗಳ ಮಣ್ಣುಗುಡ್ಡಗಳಾಗಿ ಒಡೆದುಕೊಂಡಿರುತ್ತದೆ. ಆ ಕಪ್ಪು ಪಟ್ಟೆ ಕಲ್ಲಿದ್ದಲು. ಗುಡ್ಡಗಳ ಮೇಲ್ಮೈ ಒಣಗಿದ್ದಾಗ ಮಂಡಕ್ಕಿ ಹರವಿದಂತೆ ಉಬ್ಬಿಕೊಂಡಿದ್ದು ಕಾಲಿಟ್ಟರೆ ಪುಡಿಯಾಗುತ್ತದೆ; ನಾಲ್ಕು ಹನಿ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಜ್ವಾಲಾಮುಖಿಯ ಬೂದಿಯಿಂದಾದ ಬೆಂಟೋನೈಟ್ ಎಂಬ ಜೇಡಿ ಅದರಲ್ಲಿ ಸೇರಿರುವುದೇ ಇದಕ್ಕೆ ಕಾರಣ. ನಮ್ಮ ಹಿರಿಯರಿಗೆ ‘ಬರೆ’ (ಕಡಿದಾದ ಮಣ್ಣಿನ ಇಳಿಜಾರು) ಎಂದರೆ ಕೂಡಲೇ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬರೆ ಜರಿದ ಮೇಲೆ ಆ ಪದವನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಬರೆ ಎಂಬುದು ಒಂದು ಇಳಿಜಾರಿಗೆ ಸಲ್ಲುವ ಮಾತು. ಇಡೀ ಸೀಮೆಗೆ ಅದನ್ನು ಹಿಗ್ಗಿಸಲು ನನಗೆ ಧೈರ್ಯವಿಲ್ಲ. ದಯವಿಟ್ಟು ತಿಳಿಸಿ.

ವಿರಾಜಪೇಟೆಯಿಂದ

‘ಬೆಂಗಾಡು’ ಇರುವಾಗ ಹುಡುಕಾಟ ಏತಕ್ಕೆ? ಹಳೆಯ ಪದ, ಎಲ್ಲರಿಗೂ ಗೊತ್ತಿರುವ ಪದ. ಅದನ್ನೇ ಬಳಸಿ, ಮುಗಿಸಿ.

ಸೋಮವಾರಪೇಟೆಯಿಂದ

ಬೆಂಗಾಡು ಸಲ್ಲದು. ಅದರ ಮೊದಲಲ್ಲಿರುವ ‘ಬೆಂ’ ಬೇಯುವ, ಉರಿಯುವ ಬಿಸಿಯನ್ನು ಹೇಳುತ್ತದೆ. ಚಳಿಗಾಲದಲ್ಲಿ ಹಿಮ ಮುಚ್ಚುವ, ನಡುವೆ ರೆಡ್ ಡಿಯರ್ ನದಿ ಹರಿಯುವ, ದಡದಲ್ಲಿ ಮರಗಳು ನಿಂತಿರುವ ಸೀಮೆಯನ್ನು ಬೆಂಗಾಡು ಎಂದು ಓದಿದವರು, ಬಸ್ಸಿನಿಂದ ಇಳಿದ ಕೂಡಲೇ ಕೈಪಿಡಿಯನ್ನು ಮಡಚಿಟ್ಟುಬಿಡುತ್ತಾರೆ.

ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಪಹಣಿ ನೋಡಿದವನಾಗಿ ನಾನು ಹೇಳುವುದೇನೆಂದರೆ, ಪದ ನಮ್ಮ ದಾಖಲೆಗಳಲ್ಲೇ ಇದೆ. ಸಾಗುವಳಿಗೆ ಒದಗದ ನೆಲವನ್ನು ನಾವು ‘ಖರಾಬು’ ಎಂದು ಬರೆಯುತ್ತೇವೆ. ಆ ಪದದ ಅರ್ಥವೇ ಕೆಟ್ಟದ್ದು, ಹಾಳು. ‘ಬ್ಯಾಡ್‌ಲ್ಯಾಂಡ್ಸ್’ ಎಂಬುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುವ ‘ಖರಾಬು ನೆಲ’ ಎಂಬ ಮಾತು ಜಮೀನು ಇರುವ ಪ್ರತಿಯೊಬ್ಬ ಕನ್ನಡಿಗನ ಮನೆಯ ಪೆಟ್ಟಿಗೆಯಲ್ಲಿ ಕಾಗದದ ಮೇಲೆ ಅಚ್ಚಾಗಿ ಕುಳಿತಿದೆ. ಇದನ್ನು ನಮ್ಮ ಜಿಲ್ಲೆಯ ‘ಪೈಸಾರಿ’ಯೊಂದಿಗೆ ಬೆರೆಸಬಾರದು. ಪೈಸಾರಿ ಎಂದರೆ ಸರ್ಕಾರದ ಪಾಳು ಜಾಗ. ಅಲ್ಲಿ ಮಣ್ಣು ಚೆನ್ನಾಗಿಯೇ ಇರಬಹುದು. ‘ಬಾಣೆ’ಯಂತೂ ಗದ್ದೆಗೆ ಹೊಂದಿಕೊಂಡ ಕಾಡು ನೆಲ, ಅದರ ವಿಷಯವೇ ಬೇರೆ.

ಮೈಸೂರಿನಿಂದ

ಖರಾಬು ಅರಬ್ಬಿಯಿಂದ ಬಂದ ಪದ. ಆಳಿದವರ ಕಚೇರಿ ನಮ್ಮ ಮೇಲೆ ಹೇರಿದ್ದನ್ನು ನಾವೇ ಇನ್ನೊಂದು ಸೀಮೆಗೆ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ‘ಕೆಡುನುಡಿ’ ಎಂಬ ಹಾದಿಯಲ್ಲೇ ‘ಕೆಡುನೆಲ’ ಎನ್ನಬಹುದು. ಓದುಗ ಒಮ್ಮೆ ತಡವರಿಸಿದರೂ ಎರಡನೆಯ ಸಲ ಅದು ಅವನದಾಗುತ್ತದೆ.

ಅಷ್ಟಕ್ಕೇ ನಿಲ್ಲಬಾರದು. ಕೈಪಿಡಿಯಲ್ಲಿ ‘ಡೈನೋಸಾರ್’ ಎಂದು ಬರೆಯುವಿರಷ್ಟೆ? 1842ರಲ್ಲಿ ರಿಚರ್ಡ್ ಓವೆನ್ ಭಯಂಕರ ಎಂಬರ್ಥದ ಒಂದು ಗ್ರೀಕ್ ಪದವನ್ನೂ ಹಲ್ಲಿ ಎಂಬರ್ಥದ ಇನ್ನೊಂದನ್ನೂ ಸೇರಿಸಿ ಆ ಹೆಸರನ್ನು ಕಟ್ಟಿದ. ಅವನು ಕಟ್ಟಬಹುದಾದರೆ ನಾವೇಕೆ ಕಟ್ಟಬಾರದು? ಹಿರಿದಾದ ಪಾವು ಹೆಬ್ಬಾವಾದಂತೆ ಹಿರಿದಾದ ಪಲ್ಲಿ ‘ಹೆಬ್ಬಲ್ಲಿ’ ಆಗುತ್ತದೆ. ‘ಜೀವಾಶ್ಮ’ವನ್ನಂತೂ ಕೈಬಿಡಿ. ‘ಪಳೆಯುಳಿಕೆ’ ನಮ್ಮಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ.

ಸೋಮವಾರಪೇಟೆಯಿಂದ, ಮತ್ತೆ

ಖರಾಬು ಹೊರಗಿನದಾದರೆ ಜಮೀನು, ದಾಖಲೆ, ಸರ್ಕಾರ, ತಹಸೀಲ್ದಾರ ಎಲ್ಲವೂ ಹೊರಗಿನವೇ. ಕೊಡಗಿನವರು ಎದೆಯ ಮೇಲೆ ಕೈಯಿಟ್ಟು ಹೇಳಿಕೊಳ್ಳುವ ‘ಜಮ್ಮ’ (ವಂಶಪಾರಂಪರ್ಯವಾಗಿ ಬಂದ ಭೂಹಿಡುವಳಿ) ಕೂಡ ಸಂಸ್ಕೃತದ ‘ಜನ್ಮ’ದಿಂದ ಬಂದದ್ದು. ಅದನ್ನೂ ಬಿಡಬೇಕೆಂದು ಒಮ್ಮೆ ಇಲ್ಲಿಗೆ ಬಂದು ಹೇಳಿ ನೋಡಿ. ಕೆಡುನೆಲ ಎಂದರೆ ನನಗೆ ದೆವ್ವ ಹೊಕ್ಕ ಜಾಗ ಎಂದು ಕೇಳಿಸುತ್ತದೆ.

ಮಡಿಕೇರಿಯಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನಿನ್ನೆ ರಾತ್ರಿ ಕುಳಿತು ಒಂದೊಂದು ಪದವನ್ನೂ ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಓದಿ ನೋಡಿದೆ.

ಖರಾಬು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಅದು ಅರಬ್ಬಿಯದೆಂಬುದು ನನಗೆ ಅಡ್ಡಿಯಾಗಲಿಲ್ಲ. ತಲೆಮಾರುಗಳಿಂದ ನಮ್ಮ ಹೊಲದ ಅಳತೆಯಲ್ಲಿ ದುಡಿದ ಪದವನ್ನು ಪರಕೀಯವೆನ್ನಲು ನಾನು ಒಪ್ಪುವುದಿಲ್ಲ. ನನಗೆ ಅಡ್ಡಿಯಾದದ್ದು ಅದರೊಳಗಿನ ದೃಷ್ಟಿ. ಈ ಹೆಸರು ಮೊದಲು ಹುಟ್ಟಿದ್ದು ಅಮೆರಿಕದ ದಕ್ಷಿಣ ಡಕೋಟಾದಲ್ಲಿ. ಅಲ್ಲಿನ ಲಕೋಟಾ ಜನ ಆ ಸೀಮೆಯನ್ನು ಕೆಟ್ಟ ನೆಲವೆಂದೇ ತಮ್ಮ ನುಡಿಯಲ್ಲಿ ಕರೆದರು, ಫ್ರೆಂಚ್ ತುಪ್ಪಳ ವ್ಯಾಪಾರಿಗಳು ‘ದಾಟಿಹೋಗಲು ಕೆಟ್ಟ ನೆಲ’ ಎಂದರು. ಅಂದರೆ ಅದು ದಾರಿಹೋಕನ ದೂರು. ಖರಾಬು ಎನ್ನುವವನು ದಾರಿಹೋಕನಲ್ಲ. ಕಂದಾಯ ಹುಟ್ಟುತ್ತದೆಯೋ ಇಲ್ಲವೋ ಎಂದು ನೋಡುವವನು. ಎರಡೂ ಕಡೆ ‘ಕೆಟ್ಟ’ ಎಂಬ ಮಾತಿದ್ದರೂ ಕೆಡುಕು ಒಂದೇ ಅಲ್ಲ. ಕೆಡುನೆಲಕ್ಕೂ ಇದೇ ತೊಡಕು, ಮೇಲಾಗಿ ಅದನ್ನು ನಮ್ಮ ಹಿರಿಯರು ಯಾರೂ ಈವರೆಗೆ ಆಡಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಸ್ಸಿನಲ್ಲಿ ಕುಳಿತವರು ಕೇಳುವ ಮೊದಲ ಪ್ರಶ್ನೆ, ಎಲ್ಲೂ ಇಲ್ಲದ ಮೂಳೆಗಳು ಇಲ್ಲೇ ಏಕೆ ಸಿಗುತ್ತವೆ ಎಂಬುದು. ಮೂಳೆಗಳಿರುವ ಪದರಗಳು ಗೋಧಿ ಹೊಲಗಳ ಕೆಳಗೂ ಚಾಚಿಕೊಂಡಿವೆ. ಅಲ್ಲಿ ಅವು ಮುಚ್ಚಿಹೋಗಿವೆ. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಈ ಕಣಿವೆಯನ್ನು ಕೊರೆಯಿತು, ಆಮೇಲೆ ಮಳೆ, ಗಾಳಿ, ಹಿಮಗಳು ವರ್ಷವರ್ಷವೂ ಕೆಲವು ಮಿಲಿಮೀಟರ್‌ಗಳಷ್ಟು ಮಣ್ಣನ್ನು ಕೆರೆದು, ಸುಮಾರು 7 ಕೋಟಿ ವರ್ಷಗಳ ಹಿಂದಿನ ಪದರಗಳನ್ನು ಬಯಲಿಗಿಟ್ಟವು. ನೀರು ಕೊರೆದ ಕಾರಣಕ್ಕೇ ಮೂಳೆ ಕಾಣಿಸಿತು. 1884ರಲ್ಲಿ ಜೋಸೆಫ್ ಟಿರೆಲ್ ಕಲ್ಲಿದ್ದಲಿನ ಸಮೀಕ್ಷೆಗೆಂದು ಬಂದವರು ಇಂಥದೊಂದು ಇಳಿಜಾರಿನಲ್ಲೇ, ಮುಂದೆ 1905ರಲ್ಲಿ ಆಲ್ಬರ್ಟೋಸಾರಸ್ ಎಂದು ಹೆಸರಾದ ಪ್ರಾಣಿಯ ತಲೆಬುರುಡೆಯನ್ನು ಕಂಡರು. ಹಾಗಿರುವಾಗ ನೆಲ ಕೆಟ್ಟದ್ದೆಂದು ತೀರ್ಪು ಕೊಡುವ ಪದಕ್ಕಿಂತ, ನೀರು ಏನು ಮಾಡಿತೆಂದು ಹೇಳುವ ಪದ ನನಗೆ ಬೇಕು. ಶಾಲೆಯ ಭೂಗೋಳದ ಪಾಠದಲ್ಲಿ ಮಣ್ಣಿನ ಸವೆತಕ್ಕೆ ಹೇಳಿಕೊಟ್ಟ ‘ಕೊರಕಲು’ ಇಲ್ಲಿ ಒದಗುತ್ತದೆ. ಒಂಟಿಯಾಗಿ ನಿಂತರೆ ಅದು ಸಣ್ಣ ಹಳ್ಳವನ್ನು ನೆನಪಿಸುತ್ತದೆಂಬುದು ನಿಜ. ‘ಕೊರಕಲು ಸೀಮೆ’ ಎಂದಾಗ ಆ ಕೊರತೆ ನೀಗುತ್ತದೆ. ಹನ್ನೊಂದು ಕಡೆಯೂ ಅದನ್ನೇ ಇಟ್ಟಿದ್ದೇನೆ.

ಮೈಸೂರಿನವರ ‘ಹೆಬ್ಬಲ್ಲಿ’ಯ ಕಟ್ಟಡ ಸೊಗಸಾಗಿದೆ. ಆದರೂ ಅದನ್ನು ಬಳಸುವುದಿಲ್ಲ. ಡೈನೋಸಾರ್‌ಗಳಿಗೆ ಇಂದು ಉಳಿದಿರುವ ಸಂತತಿ ಹಕ್ಕಿಗಳೇ ಹೊರತು ಹಲ್ಲಿಗಳಲ್ಲ. ಓವೆನ್ನನ ತಪ್ಪನ್ನು ಗ್ರೀಕ್ ಮುಚ್ಚಿಕೊಂಡಿದೆ, ಕನ್ನಡ ಅದನ್ನು ಬಿಚ್ಚಿ ತೋರಿಸುತ್ತದೆ. ಮೇಲಾಗಿ, ಆ ದಿನ ಅಜ್ಜಿಯ ಕೈ ಹಿಡಿದು ನಡೆಯುವ ಮೊಮ್ಮಗುವಿಗೆ ಗೊತ್ತಿರುವುದು ಡೈನೋಸಾರ್ ಎಂಬ ಒಂದೇ ಪದ. ಅಜ್ಜಿಗೂ ಮೊಮ್ಮಗುವಿಗೂ ನಡುವೆ ಇರುವ ಆ ಒಂದು ಪದವನ್ನು ನಾನು ಕಿತ್ತುಕೊಳ್ಳಲಾರೆ.

‘ಪಳೆಯುಳಿಕೆ’ಯ ವಿಷಯದಲ್ಲಿ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ನನ್ನ ಕಾರಣ ಮಾತ್ರ ಬೇರೆ. ಕನ್ನಡದಲ್ಲಿ ಪಕಾರ ಹಕಾರವಾಗಿ ‘ಹಳೆಯ’ ಉಳಿಯಿತು. ಕೊಡವ ತಕ್ಕಿನಲ್ಲಿ ಪಕಾರ ಇಂದಿಗೂ ಹಾಗೆಯೇ ಇದೆ. ಹಾಲು ಅಲ್ಲಿ ‘ಪಾಲ್’, ಹಿಂದಿನವರ ಮಾತು ‘ಪಳಮೆ’. ಆದ್ದರಿಂದ ಪಳೆಯುಳಿಕೆ ಎಂದು ಓದುವ ಕೊಡವ ಅಜ್ಜನಿಗೆ ಅದು ಪುಸ್ತಕದ ಹಳಗನ್ನಡವಲ್ಲ, ಮನೆಯ ಮಾತು. ಹೆಜ್ಜೆಗುರುತೂ ಪಳೆಯುಳಿಕೆಯೇ ಹೌದಾದರೂ ಅದರಲ್ಲಿ ‘ಉಳಿಕೆ’ ಏನಿದೆ ಎಂದು ಯಾರಾದರೂ ಕೇಳಬಹುದು. ಗುರುತು ಉಳಿಯಿತಲ್ಲ, ಅಷ್ಟು ಸಾಕು.

‘ಹೂಡೂ’ವಿಗೆ ಯಾರೂ ಪದ ಕೊಡಲಿಲ್ಲ. ಮೆತ್ತನೆಯ ಮಣ್ಣುಗಲ್ಲಿನ ಕಂಬ, ಅದರ ತಲೆಯ ಮೇಲೆ ಚಪ್ಪಡಿಯಂಥ ಗಟ್ಟಿ ಕಲ್ಲು. ಆ ಚಪ್ಪಡಿ ಮಳೆಯನ್ನು ತಡೆಯುವವರೆಗೆ ಕಂಬ ನಿಂತಿರುತ್ತದೆ. ‘ಕೊಡೆಗಲ್ಲು’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಪಕ್ಕದ ಕೇರಳದಲ್ಲಿ ಅದೇ ಹೆಸರು ಬೃಹತ್ ಶಿಲಾಯುಗದ ಸಮಾಧಿಗಳಿಗೆ ಇದೆ. ‘ಕೊಡೆಕಂಬ’ ಎಂದು ಇಟ್ಟಿದ್ದೇನೆ.

ಕೈಪಿಡಿಯ ಎರಡನೆಯ ಪುಟ ಈಗ ಹೀಗಿದೆ. ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ:

“ಇದು ಕೊರಕಲು ಸೀಮೆ. ನಡೆದು ದಾಟುವುದು ಕಷ್ಟವಾದ್ದರಿಂದ ಹಿಂದಿನವರು ಇದನ್ನು ಕೆಟ್ಟ ನೆಲವೆಂದು ಕರೆದರು. ನಮ್ಮ ಕೊಡಗಿನ ಬಂಡೆಗಳಲ್ಲಿ ಬಹಳಷ್ಟು 300 ಕೋಟಿ ವರ್ಷಗಳಿಗೂ ಹಿಂದಿನವು; ಆಗ ಮೂಳೆಯಿರುವ ಪ್ರಾಣಿಯೇ ಹುಟ್ಟಿರಲಿಲ್ಲ, ಆದ್ದರಿಂದ ಅವುಗಳಲ್ಲಿ ಡೈನೋಸಾರ್ ಸಿಗುವುದಿಲ್ಲ. ಇಲ್ಲಿ ಮಾರ್ಗದರ್ಶಿ ನಿಮ್ಮ ಕೈಗೆ ಎರಡು ತುಣುಕುಗಳನ್ನು ಕೊಡುತ್ತಾರೆ. ಬೆರಳನ್ನು ಒದ್ದೆ ಮಾಡಿ ಮುಟ್ಟಿ ನೋಡಿ. ಬೆರಳಿಗೆ ಅಂಟಿಕೊಳ್ಳುವುದು ಮೂಳೆ, ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅಂಟದೆ ಇರುವುದು ಬರಿಯ ಕಲ್ಲು. ನೋಡಿದ ಮೇಲೆ ಎರಡನ್ನೂ ಅವರಿಗೇ ಹಿಂತಿರುಗಿಸಿ. ಇಲ್ಲಿನ ಪಳೆಯುಳಿಕೆಗಳು ಆಲ್ಬರ್ಟಾ ಪ್ರಾಂತ್ಯದ ಸ್ವತ್ತು. ಮಳೆ ಬಂದರೆ ಇಳಿಜಾರಿಗೆ ಕಾಲಿಡಬೇಡಿ, ಬರೆ ಜಾರುತ್ತದೆ.”