ಜೇಮ್ಸ್‌ಟೌನ್‌ಗೆ ಹೋಗಿ ಬಂದವರು ಇದ್ದೀರಾ?

ಮುಂದಿನ ತಿಂಗಳು ಅಪ್ಪ-ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ. ಅಮೆರಿಕದಲ್ಲಿ ಇಂಗ್ಲಿಷರು ಮೊದಲು ಗಟ್ಟಿಯಾಗಿ ನೆಲೆಯೂರಿದ ಜಾಗ, ವರ್ಜೀನಿಯಾದ ಜೇಮ್ಸ್‌ಟೌನ್ ತೋರಿಸೋಣ ಎಂದಿದ್ದೇವೆ. ಮ್ಯಾಪ್‌ನಲ್ಲಿ ಆ ಹೆಸರಿನ ಎರಡು ಜಾಗ ಕಾಣುತ್ತಿವೆ. ಯಾವುದು ಅಸಲಿ? ಒಂದೇ ದಿನ ಸಮಯ ಇದೆ. ಮಗಳಿಗೆ ಒಂಬತ್ತು ವರ್ಷ, ಅಪ್ಪನಿಗೆ ಮಂಡಿ ನೋವು.

— ಅಸಲಿ ಜಾಗ 'ಹಿಸ್ಟಾರಿಕ್ ಜೇಮ್ಸ್‌ಟೌನ್'. 1607ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಬಂದ ನೂರಕ್ಕೂ ಹೆಚ್ಚು ಗಂಡಸರು, ಹುಡುಗರು ಕೋಟೆ ಕಟ್ಟಿದ್ದು ಅದು ಇರುವ, ಜೇಮ್ಸ್ ನದಿಯ ದ್ವೀಪದಲ್ಲೇ. 'ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್' ಹತ್ತಿರದಲ್ಲೇ ಇರುವ ಮ್ಯೂಸಿಯಂ. ನಾವು ಮೊದಲ ಸಲ ಮ್ಯೂಸಿಯಂ ಮಾತ್ರ ನೋಡಿ, ಜೇಮ್ಸ್‌ಟೌನ್ ಆಯ್ತು ಅಂದುಕೊಂಡು ಮನೆಗೆ ಬಂದಿದ್ದೆವು!

— ಆದರೂ ಮಗು ಇದ್ದರೆ ಮ್ಯೂಸಿಯಂ ಬಿಡಬೇಡಿ. ಆ ಇಂಗ್ಲಿಷರು ಬಂದ ಮೂರು ಹಡಗುಗಳ ಮಾದರಿ ಕಟ್ಟಿ ನಿಲ್ಲಿಸಿದ್ದಾರೆ, ಹತ್ತಿ ನೋಡಬಹುದು. ಅದರಲ್ಲಿ 'ಡಿಸ್ಕವರಿ' ಎಷ್ಟು ಚಿಕ್ಕದು ಅಂದರೆ, ಇದರಲ್ಲಿ ನಾಲ್ಕು ತಿಂಗಳು ಹೇಗಪ್ಪಾ ಇದ್ದರು ಅನಿಸುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಪೊಹಾಟನ್ ಜನರ ಹಳ್ಳಿಯ ಮಾದರಿಯೂ ಇದೆ. ನನ್ನ ಮಗ ಅಲ್ಲಿಂದ ಏಳಲೇ ಇಲ್ಲ.

— ನನ್ನ ಓಟು ದ್ವೀಪಕ್ಕೇ. ಮೊದಲು ನೋಡಿದಾಗ ಏನೂ ಇಲ್ಲ ಅನಿಸುತ್ತದೆ. ಹಳೆಯ ಇಟ್ಟಿಗೆಯ ಚರ್ಚ್ ಗೋಪುರ, ಹುಲ್ಲು, ಮರದ ಬೇಲಿ, ನದಿ. "ಇದಕ್ಕಾ ಮೂರು ಗಂಟೆ ಡ್ರೈವ್ ಮಾಡಿದ್ದು?" ಎಂದರು ನಮ್ಮೆಜಮಾನರು. ಕೋಟೆ ನದಿಪಾಲಾಯಿತು ಎಂದೇ ಬಹಳ ಕಾಲ ಜನ ನಂಬಿದ್ದರಂತೆ. 1994ರಲ್ಲಿ ಪುರಾತತ್ವ ತಜ್ಞ ವಿಲಿಯಂ ಕೆಲ್ಸೊ ಅಗೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಕೋಟೆಯ ಬಹುಪಾಲು ಅಲ್ಲೇ ಮಣ್ಣಿನಡಿ ಇತ್ತು! ಅಗೆತ ಈಗಲೂ ನಡೆಯುತ್ತಿದೆ. ಗುಂಡಿಯಲ್ಲಿ ಕೂತವರನ್ನು ಸುಮ್ನೆ ಮಾತಾಡಿಸಿ, ಖುಷಿಯಿಂದ ಹೇಳುತ್ತಾರೆ.

ಒಂದು ಎಚ್ಚರಿಕೆ. 1609-10ರ ಚಳಿಗಾಲದಲ್ಲಿ ಅಲ್ಲಿ ಭೀಕರ ಹಸಿವು. ಸುಮಾರು 300 ಜನರಲ್ಲಿ ಉಳಿದವರು 60ರಷ್ಟು. ಸುಮಾರು 14 ವರ್ಷದ ಹುಡುಗಿಯೊಬ್ಬಳ ತಲೆಬುರುಡೆ ಸಿಕ್ಕಿದೆ, ಅದರ ಮೇಲೆ ಕಡಿದ, ಕೊಯ್ದ ಗುರುತು. ಸತ್ತವಳನ್ನು ತಿಂದಿದ್ದಾರೆ. ದ್ವೀಪದಲ್ಲೇ ಇರುವ ಬೇರೆ ಮ್ಯೂಸಿಯಂನಲ್ಲಿ ಅದನ್ನು ಇಟ್ಟಿದ್ದಾರೆ. ಹೊರಗೆ ಬಂದ ಮೇಲೆ ನಮ್ಮತ್ತೆ ಎಷ್ಟೋ ಹೊತ್ತು ಮಾತಾಡಲಿಲ್ಲ. ಮಗಳ ವಿಷಯ ನೀವೇ ಯೋಚಿಸಿ.

— ನಿಮ್ಮಪ್ಪನಿಗೆ ಇದನ್ನು ಹೇಳಿ: 1635ರ ವರ್ಜೀನಿಯಾ ದಾಖಲೆಯಲ್ಲಿ ಟೋನಿ ಎಂಬ 'ಈಸ್ಟ್ ಇಂಡಿಯನ್', ಅಂದರೆ ಭಾರತದ ಕಡೆಯವನ ಹೆಸರಿದೆ. ಕರೆತಂದ ಆಳುಗಳ ಲೆಕ್ಕದ ಮೇಲೆ ಜಮೀನು ಪಡೆಯಲು ಒಬ್ಬ ತೋಟದ ಮಾಲೀಕ ತೋರಿಸಿದ ಪಟ್ಟಿ ಅದು. ನಮ್ಮ ಕಡೆಯವನೊಬ್ಬ ಅಷ್ಟು ಹಿಂದೆಯೇ ಅಲ್ಲಿದ್ದ, ಅದೂ ಆಳಾಗಿ. ನಮಗಂತೂ ಐಟಿಯವರೇ ಮೊದಲು ಬಂದವರು ಅನ್ನುವ ಜಂಬ, ಅಲ್ವಾ?

— ಖರ್ಚಿನ ಮಾತು. ದ್ವೀಪದಲ್ಲಿ ನ್ಯಾಷನಲ್ ಪಾರ್ಕ್ ಪಾಸ್ ತೋರಿಸಿದರೂ ಟಿಕೆಟ್ಟಿನ ಒಂದು ಭಾಗ ಕಟ್ಟಲೇಬೇಕು. ಗೇಟಿನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ, ನಾನು ಆಡಿ ನೋಡಿದ್ದೇನೆ. ಬೇಸಿಗೆಯಾದರೆ ಸೊಳ್ಳೆ ಜಾಸ್ತಿ, ಸೆಕೆ ಮಂಗಳೂರಿನದ್ದೇ. ಅಲ್ಲಿಗೆ ಹೋಗುವ ಕಲೋನಿಯಲ್ ಪಾರ್ಕ್‌ವೇ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಮೊದಲೇ ತುಂಬಿಸಿಕೊಳ್ಳಿ. ಸಂಜೆ ಕಾರಿನ ಸಮೇತ ಜೇಮ್ಸ್ ನದಿ ದಾಟಿಸುವ ಫೆರಿ ಹತ್ತಿ. ಪೂರ್ತಿ ಉಚಿತ. ಅಪ್ಪ ಕೂತಲ್ಲೇ ನದಿ ನೋಡಬಹುದು.

— ಕೇಳಿದವಳೇ ಬರೆಯುತ್ತಿದ್ದೇನೆ, ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಬೆಳಿಗ್ಗೆ ತಂಪಲ್ಲಿ ದ್ವೀಪ, ಮಧ್ಯಾಹ್ನ ಹಡಗು, ಸಂಜೆ ಫೆರಿ. ತಲೆಬುರುಡೆ ಇರುವ ಕಡೆ ನಾನು ಮಗಳ ಜೊತೆ ಹೊರಗೇ ಇರುತ್ತೇನೆ. ಟೋನಿಯ ಕಥೆ ಹೇಳಿದ್ದೇ ತಡ, ಅಪ್ಪ ಫೋನಿನಲ್ಲೇ "ಯಾವ ಊರಿನವನಂತೆ?" ಎಂದು ಶುರು ಮಾಡಿದ್ದಾರೆ.