ಅಪ್‌ಡೇಟ್: ಎರಡನೇ ಎಂಆರ್‌ಐನಲ್ಲಿ ಕಾರಣ ಸಿಕ್ಕಿತು

ಮೂರು ವರ್ಷದ ಮಗಳಿಗೆ ಜ್ವರವಿಲ್ಲದೆಯೂ ಫಿಟ್ಸ್ ಬರುತ್ತಿದೆ, ಹತ್ತು ತಿಂಗಳಿದ್ದಾಗ ಮಾಡಿಸಿದ ಎಂಆರ್‌ಐ ಸರಿಯಾಗಿಯೇ ಇತ್ತು, ಮತ್ತೆ ಮಾಡಿಸಬೇಕೇ ಎಂದು ಇಲ್ಲಿ ಕೇಳಿದ್ದೆ. ಮಾಡಿಸಿದೆವು. ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮಗುವಿಗೆ ನಿದ್ದೆ ಬರಿಸಿ, 3 ಟೆಸ್ಲಾದ (ಹೆಚ್ಚು ಬಲದ ಆಯಸ್ಕಾಂತವಿರುವ) ಯಂತ್ರದಲ್ಲಿ, ಸುಮಾರು 1 ಮಿ.ಮೀ. ತೆಳುವಿನ ಪದರಗಳಾಗಿ ಚಿತ್ರ ತೆಗೆದರು.

ಮಿದುಳಿನ ಬಲ ಮುಂಭಾಗದಲ್ಲಿ ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ ಇದೆ, ಅಂದರೆ ಮಿದುಳಿನ ಹೊರಪದರ ಒಂದು ಕಡೆ ಸರಿಯಾಗಿ ರೂಪುಗೊಂಡಿಲ್ಲ. ವೈದ್ಯರು ಪರದೆಯ ಮೇಲೆ ಪೆನ್ನಿನ ತುದಿಯಿಟ್ಟು ತೋರಿಸಿದರು: ಉಳಿದೆಡೆ ಬೂದು, ಬಿಳಿ ಭಾಗಗಳ ನಡುವೆ ಗೆರೆ ಎಳೆದಂತಿದೆ, ಅಲ್ಲಿ ಮಾತ್ರ ಆಗುಂಬೆಯ ಮಂಜಿನಲ್ಲಿ ಗುಡ್ಡದ ಅಂಚು ಕರಗಿದಂತೆ ಮಸುಕು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಮಯೆಲಿನ್ (ನರತಂತುಗಳ ಮೇಲಿನ ಹೊದಿಕೆ) ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ಈ ವ್ಯತ್ಯಾಸ ಕಣ್ಣಿಗೆ ಬೀಳದೇ ಹೋಗಬಹುದಂತೆ. ಮೊದಲ ಸ್ಕ್ಯಾನ್ ನೋಡಿದವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಗರ್ಭದಲ್ಲಿ ಮಿದುಳು ರೂಪುಗೊಳ್ಳುವಾಗಲೇ ಆದದ್ದು ಇದು. ಗ್ರಹಣವಾಗಲಿ, ಬಸುರಿಯಾಗಿದ್ದಾಗ ನಾನು ಅಡಿಕೆ ತೋಟಕ್ಕೆ ಹೋದದ್ದಾಗಲಿ ಕಾರಣವಲ್ಲ. ಅದನ್ನು ಕೇಳಿ ನಮ್ಮ ಅತ್ತೆ ಕಣ್ಣೊರೆಸಿಕೊಂಡರು.

ಔಷಧಿ ಮುಂದುವರಿದಿದೆ. ಎರಡು ಔಷಧಿಗಳಿಗೂ ಫಿಟ್ಸ್ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ; ಮುಂದಿನ ತಿಂಗಳು ವಿಡಿಯೊ ಇಇಜಿ (ಮಗುವಿನ ವಿಡಿಯೊ ತೆಗೆಯುತ್ತಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಇದೆ. ಹಳೆಯ ಸ್ಕ್ಯಾನಿನ ಸಿ.ಡಿ.ಯನ್ನೂ ಒಯ್ಯಿರಿ ಎಂದವರಿಗೆ ನಾನು ಋಣಿ. ವೈದ್ಯರು ಮೊದಲು ಕೇಳಿದ್ದೇ ಅದನ್ನು.