ಗರ್ಭ ನಿಲ್ಲದ ಹಾಗೆ ತೋಳಿನ ಚರ್ಮದಡಿ ಹಾಕುವ ಕಡ್ಡಿ, ಇಂಪ್ಲಾಂಟ್, ಹಾಕಿಸಿಕೊಂಡವರು ಇದ್ದೀರಾ?

ಬದಿಯಡ್ಕದವಳು:
ಎರಡನೇ ಮಗುವಿಗೆ ಏಳು ತಿಂಗಳು. ಹಾಲು ಕುಡಿಸುತ್ತಿದ್ದೇನೆ, ಇನ್ನೂ ಮುಟ್ಟಾಗಿಲ್ಲ. ಮಾತ್ರೆ ಮರೆತುಹೋಗುತ್ತದೆ, ಕಾಪರ್ ಟಿ ಅಂದರೆ ಹೆದರಿಕೆ. ಮಂಗಳೂರಿನಲ್ಲಿ ಡಾಕ್ಟರ್ ಇಂಪ್ಲಾಂಟ್ ಬಗ್ಗೆ ಹೇಳಿದರು, ಮೂರು ವರ್ಷ ಇರುತ್ತದಂತೆ. ಜಾಸ್ತಿ ನೋವಾಗುತ್ತದಾ? ಆಮೇಲೆ ಮಕ್ಕಳೇ ಆಗುವುದಿಲ್ಲ ಅಂತಾರೆ ಅತ್ತೆ, ನಿಜವಾ?

ಉಪ್ಪಳದವಳು:
ನಾನು ಹಾಕಿಸಿ ಎರಡು ವರ್ಷ ಆಯ್ತು ತಂಗಿ. ಎಡಗೈ ಮಡಚಿ ತಲೆಯ ಹತ್ತಿರ ಇಡಿಸಿ ಮಲಗಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಚುರುಕ್ ಅಂದದ್ದಷ್ಟೇ, ಕಡ್ಡಿ ಒಳಗೆ ಹೋದದ್ದು ಗೊತ್ತೇ ಆಗಲಿಲ್ಲ. 4 ಸೆಂಟಿಮೀಟರ್ ಉದ್ದ, ಬೆಂಕಿಕಡ್ಡಿಯಷ್ಟು. ಏಳುವ ಮೊದಲು ಡಾಕ್ಟರ್ ನನ್ನ ಬೆರಳಿಂದಲೇ ಒತ್ತಿಸಿ ನೋಡಿಸಿದರು, ಎರಡೂ ತುದಿ ಕೈಗೆ ಸಿಕ್ಕಿತು. ಒಂದು ವಾರ ತೋಳು ನೀಲಿಗಟ್ಟಿತ್ತು.
ಕಷ್ಟ ಆದದ್ದು ಬೇರೆ ವಿಷಯಕ್ಕೆ. ಮುಟ್ಟಿನ ಲೆಕ್ಕವೇ ತಪ್ಪಿತು, ಐದು ತಿಂಗಳು ಚೂರುಚೂರು ಹೋಗುವುದು, ಹತ್ತು ದಿನ ನಿಲ್ಲುವುದು, ಮತ್ತೆ ಶುರು. ನಮ್ಮಲ್ಲಿ ಹೊರಗಾದರೆ ಅಡಿಗೆಮನೆಗೆ ಹೋಗುವ ಹಾಗಿಲ್ಲ. ತಿಂಗಳಲ್ಲಿ ಮೂರು ಸಲ ಹೊರಗೆ ಕೂತರೆ ಮನೆ ನಡೆಯುವುದು ಹೇಗೆ? ಕೊನೆಗೆ ಅತ್ತೆ ಹತ್ತಿರ ಕೂತು, ಇದು ಮದ್ದಿನಿಂದ ಆಗುವುದು, ಕಾಯಿಲೆ ಅಲ್ಲ ಅಂತ ಬಿಡಿಸಿ ಹೇಳಿದೆ. ಒಪ್ಪಿದರು. ಈಗ ಮುಟ್ಟೇ ಇಲ್ಲ. ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ, ಆದರೂ ಹಾಕಿಸುವ ಮೊದಲೇ ಮನೆಯಲ್ಲಿ ಹೇಳಿಡು.

ಕುಂಬಳೆಯ ನರ್ಸ್:
ಹಾಲಿಗೆ ತೊಂದರೆ ಇಲ್ಲ, ಹಾಲು ಕಡಿಮೆ ಮಾಡಬಹುದಾದ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇದರಲ್ಲಿ ಇಲ್ಲ. ಫಿಟ್ಸ್‌ನ ಕೆಲವು ಮಾತ್ರೆ ಅಥವಾ ಟಿಬಿಯ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಇಂಪ್ಲಾಂಟಿನ ಶಕ್ತಿ ಕಡಿಮೆಯಾಗುತ್ತದೆ. ಸ್ತನ ಕ್ಯಾನ್ಸರ್ ಬಂದವರಿಗೆ ಹಾಕುವುದಿಲ್ಲ. ಬೇಡ ಅನ್ನಿಸಿದರೆ ಮೂರು ವರ್ಷ ಕಾಯಬೇಕಿಲ್ಲ, ಯಾವಾಗ ಬೇಕಾದರೂ ತೆಗೆಸಬಹುದು. ತೆಗೆಸಿದ ಮೇಲೆ ಬೇಗನೇ ಗರ್ಭ ನಿಲ್ಲಬಹುದು, ನಿಮ್ಮ ಅತ್ತೆಗೆ ಇದನ್ನು ಧೈರ್ಯವಾಗಿ ಹೇಳಿ. ಕಾಪರ್ ಟಿ ಎದೆಗೆ ಹತ್ತುತ್ತದೆ ಅನ್ನುವುದೂ ಸುಳ್ಳು.
ಒಂದು ಮಾತು. ಹಾಲು ಕುಡಿಸುತ್ತಿದ್ದೇನೆ, ಮುಟ್ಟಾಗಿಲ್ಲ ಅಂತ ನಂಬಿ ಕೂರಬೇಡಿ. ಆರು ತಿಂಗಳು ದಾಟಿದ ಮೇಲೆ ಅದು ಕಾಪಾಡುವುದಿಲ್ಲ, ಮುಟ್ಟಾಗುವ ಮೊದಲೇ ಗರ್ಭ ನಿಂತವರನ್ನು ನೋಡಿದ್ದೇನೆ. ನಿಮಗೆ ಗರ್ಭ ಇಲ್ಲ ಅಂತ ನೋಡಿಯೇ ಹಾಕುತ್ತಾರೆ, ಆಮೇಲೆ ಏಳು ದಿನ ಕಾಂಡೋಮ್ ಬೇಕು.

ಬದಿಯಡ್ಕದವಳು:
ಅಯ್ಯೋ, ಆರು ತಿಂಗಳ ವಿಷಯ ಗೊತ್ತೇ ಇರಲಿಲ್ಲ! ಮುಂದಿನ ತಿಂಗಳು ಮನೆಯಲ್ಲಿ ದೈವದ ಕೋಲ ಇದೆ, ಅದು ಮುಗಿದ ಮೇಲೆ ಹಾಕಿಸುತ್ತೇನೆ. ಅಲ್ಲಿವರೆಗೆ ಕಾಂಡೋಮ್. ಅತ್ತೆ ಹತ್ತಿರ ಇವತ್ತೇ ಮಾತಾಡುತ್ತೇನೆ ಅಕ್ಕ.